ಆರಡಿ ಎರಡೂವರೆ

ಮೊದಲು ಕೇಳುವುದು ಮೀನಿನ ಹೆಸರಲ್ಲ,
ಎಷ್ಟನೇ ಮಾಳಿಗೆ, ಎಂದು.
ನೀರು ಲೀಟರಿಗೆ ಒಂದು ಕಿಲೋ,
ಗಾಜು, ಮರಳು, ಕಬ್ಬಿಣದ ಸ್ಟ್ಯಾಂಡು ಬೇರೆ.
ಕುರ್ಲಾದ ಈ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ
ಗಾಜು ಕೊಯ್ದ ಕೈ ಇದು, ನಂಬಿ.

ಮಂದಾರ್ ಗಾವಂಡ ಬಂದದ್ದು ಒಂದು ಮಂಗಳವಾರ,
ಹೆಲ್ಮೆಟ್ಟು ಮೊಣಕೈಗೆ ನೇತುಬಿದ್ದಿತ್ತು.
ಕೆಲಸ ಸಾಲ ವಸೂಲಿ. ಫೋನಿನಲ್ಲಿ ಯಾರಿಗೋ
"ಮನೆಗೇ ಬರ್ತೇನೆ, ನೋಡ್ಕೊ" ಎಂದು ಗದರಿಸಿ,
ಇತ್ತ ತಿರುಗಿ ಮೆತ್ತಗೆ:
"ಎರಡಡಿಯದು ಕೊಡಿ. ಪಿರಾನ್ಹಾ. ಆರು."

ಎರಡಡಿ ಎಂದರೆ ಐವತ್ತು ಲೀಟರು ಚಿಲ್ಲರೆ.
ಈಗ ಅವು ಹೆಬ್ಬೆರಳ ಉಗುರು,
ದೀಪಾವಳಿಗೆ ಅಂಗೈ, ಮರುವರ್ಷ ಗೇಣು.
ಒಂದೇ ಇಟ್ಟರೆ ಹೆದರಿ ಮೂಲೆ ಹಿಡಿಯುತ್ತದೆ,
ಮೂರಿಟ್ಟರೆ ಕೊನೆಗೆ ಒಂದೇ.
ಹಸಿವಿಗಿಂತ ಹೆಚ್ಚು ಕಚ್ಚುವುದು
ತಿರುಗಿ ಓಡಲು ಜಾಗ ಸಾಲದೆ.
"ಪಿರಾನ್ಹಾ ಹೆದರುತ್ತದಾ?" ಅಂದ.
ಅವನ ಮುಖ ಸ್ವಲ್ಪ ಇಳಿಯಿತು.

ನನ್ನಜ್ಜ ಮಲ್ಪೆಯಲ್ಲಿ ಕೈರಂಪಣಿ ಎಳೆದವ.
ಅವನಿಗೆ ಮೀನಿನ ಅಳತೆ ಬುಟ್ಟಿ,
ಅಜ್ಜಿಗೆ ಮಣ್ಣಿನ ಗಡಿಗೆ.
ಬದುಕಿರುವ ಮೀನಿಗೆ ಎಷ್ಟು ಜಾಗ ಬೇಕೆಂದು
ನಮ್ಮ ಕುಲದಲ್ಲಿ ಕೇಳಿದ ಮೊದಲನೆಯವ
ನಾನೇ ಇರಬೇಕು.

ಚೌಕಾಸಿ ನಡೆದು ನಾಲ್ಕಡಿಗೆ ನಿಂತಿತು.
ಹತ್ತು-ಹನ್ನೆರಡರ ಖೋಲಿ, ಲಾಲ್‌ಬಾಗಿನ ಚಾಳು,
ದೇವರ ದಯೆ, ನೆಲಮಹಡಿ.
ಫ್ರಿಜ್ಜು ಗ್ಯಾಲರಿಗೆ ಹೋಯಿತು,
ತಂಗಿಯ ಹೊಲಿಗೆ ಮಷಿನು ಕಟ್ಟಿನ ಮೇಲೆ.
ನೆರೆಯ ಹುಡುಗರು ಬೆರಳು ಅದ್ದುವ ಪಂಥ ಕಟ್ಟಿ
ಒಬ್ಬನೂ ಅದ್ದಲಿಲ್ಲವಂತೆ.

ಹದಿನಾಲ್ಕು ತಿಂಗಳಿಗೆ ಮತ್ತೆ ಬಂದ.
ಮೊಬೈಲಿನಲ್ಲಿ ಫೋಟೋ.
"ಗೇಣೂ ದಾಟಿತು. ಸಿಗಡಿ ಮುಟ್ಟುವುದಿಲ್ಲ,
ಆಯಿ ಸೋಸುವ ಪಾಲಕ್‌ಗೆ ಬಾಯಿ ತೆರೆಯುತ್ತವೆ."
ಬಾಯೊಳಗೆ ದೊಡ್ಡದು ಮಾಡಿ ನೋಡಿದೆ.
ಗರಗಸವಲ್ಲ. ಚಪ್ಪಟೆ ಹಲ್ಲು,
ಪಾಸ್‌ಪೋರ್ಟ್ ಫೋಟೋಕ್ಕೆ ನಕ್ಕ ಗುಮಾಸ್ತನ ಹಲ್ಲು.
ರೂಪಚಂದ್, ಮಾರಾಯ.
ಯಾರೋ ನಿನಗೆ ಹೆಸರು ಮಾರಿದ್ದಾರೆ.

ಅವನು ನಗಲಿಲ್ಲ. ಹೆಲ್ಮೆಟ್ಟಿನೊಳಗೆ ನೋಡುತ್ತ ಕೇಳಿದ:
"ಪವಯಿ ಕೆರೆಗೆ ಬಿಡಲೇ?"
ಬೇಡ. ಕೆರೆಗೆ ಅದರದೇ ಮೀನುಗಳಿವೆ.
"ಹಾಗಾದರೆ ಸಣ್ಣದು ಸಾಕಲ್ಲ, ಸಾಧು ಮೀನು?"
ಸಾಧು ಇನ್ನೂ ಬೆಳೆಯುತ್ತದೆ, ಅಂದೆ,
ಎರಡು ಗೇಣು, ಮೇಲಕ್ಕೂ.
ಕಚ್ಚದವಕ್ಕೆ ಕಡಿಮೆ ಜಾಗ ಎಂಬುದು
ಮನುಷ್ಯರ ಲೆಕ್ಕ.

ಹೊಸ ತೊಟ್ಟಿಗೆ ಆರಡಿ ಉದ್ದ.
ಅಗಲಕ್ಕೆ ಅವನೇ ಮೂರು ಎಂದ.
ನಮ್ಮ ಕಡೆ ಆರಡಿ ಮೂರಡಿ ಬೇರೆಯದಕ್ಕೆ,
ಅದಕ್ಕೇ ಎರಡೂವರೆ ಎಂದು ಬರೆದೆ.
ಎಂಟುನೂರು ಲೀಟರು, ಹನ್ನೆರಡು ಮಿಲ್ಲಿ ಗಾಜು.
ಮೊದಲ ಕಂತು ಕೊಟ್ಟ.
ಉಳಿದದ್ದಕ್ಕೆ ವಸೂಲಿಯವನೇ ವಾಯಿದೆ ಕೇಳಿದ,
ಕೊಟ್ಟೆ.

ಗಲ್ಲಿಯ ತಿರುವಿನಲ್ಲಿ ತೊಟ್ಟಿ ಹೊರಳದು.
ಐದು ಹಾಳೆ ಗಾಜನ್ನು ಬಿಡಿಯಾಗಿ ಹೊತ್ತು
ಖೋಲಿಯೊಳಗೇ ಅಂಟಿಸಿದೆ.
ಸಿಲಿಕೋನಿನ ಹುಳಿ ವಾಸನೆಗೆ ಆಯಿ
"ಉಪ್ಪಿನಕಾಯಿ ಕೆಟ್ಟಿತಾ" ಎಂದು ಭರಣಿ ಮೂಸಿದಳು.
ಇನ್ನಿದು ಹೊರಗೆ ಹೋಗದಮ್ಮಾ, ಅಂದೆ,
ಒಡೆದರೆ ಮಾತ್ರ.
"ನಾನೂ ಹಾಗೇ ಒಳಗೆ ಬಂದವಳು" ಎಂದು
ಚಹಾದ ಲೋಟ ಗಾಜಿನಿಂದ ದೂರ ಇಟ್ಟಳು.

ನೀರು ತುಂಬಿಸಿದ ಸಂಜೆ ಹೋಗಿದ್ದೆ, ಸೋರಿಕೆ ನೋಡಲು.
ಬೆರಳಿನಲ್ಲಿ ನಾಲ್ಕೂ ಮೂಲೆ ಸವರಿದೆ, ಒಣಗಿತ್ತು.
ಆರೂ ಮೀನು ಒಂದೇ ದಿಕ್ಕಿಗೆ ಮುಖ ಮಾಡಿ
ಉದ್ದವನ್ನು ಅಳೆಯುತ್ತಿದ್ದವು, ಅವಸರವಿಲ್ಲದೆ.
ಅಷ್ಟರಲ್ಲಿ ಮಂದಾರನ ಫೋನು.
ದನಿ ಏರುತ್ತಿದ್ದ ಹಾಗೆ ಆರೂ ಬಾಲಗಳು ನಡುಗಿ
ಹಿಂದಿನ ಗಾಜಿಗೆ ಒತ್ತಿಕೊಂಡವು.
ಅವನು ನೋಡಿದ.
ಫೋನಿನ ಮೇಲೆ ಅಂಗೈ ಮುಚ್ಚಿ, ಚಪ್ಪಲಿಯೂ ಮೆಟ್ಟದೆ,
ಗ್ಯಾಲರಿಗೆ, ಫ್ರಿಜ್ಜಿನ ಆಚೆಗೆ ನಡೆದ.
ಬೈಯಲು ಅಲ್ಲಿ ಒಂದೂವರೆ ಅಡಿ ಜಾಗ ಇತ್ತು.