ಹದಿಮೂರನೆಯಾಕಿ

ಉಮದಿ ಸ್ಟ್ಯಾಂಡಿನ ಚಾದಂಗಡಿ ಗ್ವಾಡಿಗೆ
ಎಣ್ಣಿ ಹೀರಿದ ಪೇಪರಿನ ತುಣುಕೊಂದು ಅಂಟೇತಿ ಇನ್ನೂ.
ಸಿಇಟಿ ಸರಾಸರಿ, ಊರಿಗೊಂದು ಸಾಲು.
ಪ್ಯಾಟಿ ಕಾಲೇಜು ಎಪ್ಪತ್ತೆಂಟು. ನಮ್ಮದು ನಲವತ್ತೊಂದು.
ನಲವತ್ತೊಂದರ ಮ್ಯಾಲೆ ಯಾರೋ ಭಜಿ ಇಟ್ಟು ತಿಂದಾರ,
ಆದರೂ ಕಾಣತೇತಿ.

ಪ್ಯಾಟ್ಯಾಗ ಬರದವರು ನಲವತ್ತು ಮಂದಿ,
ಸಾವಿರದಾಗ ಸೋಸಿ ತಗದವರು.
ನಮ್ಮಲ್ಲಿ ಅರವತ್ತೊಂದು.
ಇದ್ದವರು ಅಷ್ಟೂ.
ಕುರಿ ಹಿಂದ ಹೋಗಿ ಬಂದಾಂವನೂ ಬರದ,
ಮದುವಿ ಗೊತ್ತಾದಾಕಿನೂ ಬರದಳು.
ಕನ್ನಡದಾಗ ಹತ್ತನೇತ್ತ ಮುಗಿಸಿ
ಮರಾಠಿಯೊಳಗ ಪಾಠಾ ಕೇಳಿ
ಇಂಗ್ಲಿಷ್ ಪ್ರಶ್ನಿ ಓದಿ
ಎದಿಯೊಳಗ ಮತ್ತ ಕನ್ನಡಕ್ಕ ಹೊಳ್ಳಿಸಿಕೊಂಡು
ಗುಂಡಿ ಒತ್ತೂದರಾಗ ಹೊತ್ತು ಮುಗದಿತ್ತು.
ಆ ಹೊತ್ತು ಪೇಪರಿನ ಯಾವ ಕಾಲಮ್ಮಿನಾಗೂ ಇಲ್ಲ.

ಚಡಚಣದಿಂದ ಮಾವ ಬಂದಿದ್ದ ದೀಪಾವಳಿಗೆ,
ರಾಜ್ಯ ದಾಟಿ ಅರ್ಧಾ ತಾಸಿನ ಹಾದಿ.
ಅವನ ಮಗನ ರ‍್ಯಾಂಕು ನಾಕು ಸಾವಿರ,
ನಮ್ಮ ತಂಗಿ ಮಗಳ ಪರ್ಸೆಂಟೈಲು ಎಂಬತ್ತೆಂಟು.
ಅವ್ವ ಬಾಯಿ ಮ್ಯಾಲೆ ಕೈ ಇಟ್ಟಳು:
"ನಾಕು ಸಾವಿರ ಎಲ್ಲಿ, ಎಂಬತ್ತೆಂಟು ಎಲ್ಲಿ!"
ಮಾವ ತಿದ್ದಲಿಲ್ಲ. ಇನ್ನೊಂದು ಕರಚಿಕಾಯಿ ತಗೊಂಡ.
ಮೂಲ್ಯಾಗ ಕುಂತಿದ್ದ ಆಯಿ,
ಮೂವತ್ತು ವರ್ಷ ಎರಡೂ ಕಡೀ ಸಂತ್ಯಾಗ ಜ್ವಾಳ ಮಾರಿದಾಕಿ,
ಕಣ್ಣು ಮುಚ್ಚಿಕೊಂಡ ಕೇಳಿದಳು:
"ಯಾರ ಸೇರಿಲೆ ಅಳದೀರಿ?
ಶಿಗ ಹಾಕಿನೋ, ಕೈಲೆ ಸವರಿನೋ?"
ಯಾರೂ ಉತ್ತರ ಕೊಡಲಿಲ್ಲ. ಪಟಾಕಿ ಸಪ್ಪಳ ಇತ್ತು.

"ಲೋಣಿ ಸರ್, ಮುಂದಿನ ವರ್ಷ ಹನ್ನೆರಡು ಮಂದಿ ಸಾಕು,
ಹೆಸರು ಕೆಡತೇತಿ" ಅಂದ್ರು ಹೆಡ್ ಸರ್.
ಯಾದಿ ಮ್ಯಾಲೆ ರೂಲು ಇಟ್ಟೆ.
ಹನ್ನೆರಡರ ಕೆಳಗ ಕೆಂಪು ಗೆರಿ.
ಆ ವರ್ಷ ನಮ್ಮ ಸರಾಸರಿ ಎಂಬತ್ಮೂರು!
ಅದೇ ಬೋರ್ಡು, ಅದೇ ನಾನು,
ಕರೆಂಟ್ ಹ್ವಾದರ ಅದೇ ಕತ್ತಲಿ.
ಹಿಂದಿನ ವರ್ಷಕ್ಕಿಂತ ಒಂದ ಲೆಕ್ಕ ಹೆಚ್ಚಿಗಿ ಕಲಿಸಿರಲಿಲ್ಲ.
ಶಾಲು ಹೊದಿಸಿದ್ರು. ಕೇಸರಿ ಫೇಟಾ ಸುತ್ತಿದ್ರು,
ಕಿವಿ ಮುಚ್ಚಿಬಿಡ್ತು,
ಭಾಷಣ ನಂಗ ಕೇಳಿಸಲಿಲ್ಲ.

ಮರುವರ್ಷ ಬ್ಯಾಸಿಗ್ಯಾಗ ಒಣದ್ರಾಕ್ಷಿ ಶೆಡ್ಡಿಗೆ ಹೋಗಿದ್ದೆ,
ಎರಡು ಕಿಲೋ ತರಾಕ.
ಮಾಯಕ್ಕ ಕರಾಂಡೆ ಕುಂತಿದ್ದಳು ತಾಟಿನ ಮುಂದ.
ಕರೇ ಕಾಳು ಹೆಕ್ಕಿ ಹೆಕ್ಕಿ ಬುಟ್ಟಿಗೆ ಒಗದಂಗ
ತಾಟು ಹಸರಗೆ ಹೊಳ್ಯಾಕ ಹತ್ತಿತು.
"ಒಂದೂ ಹೊಸಾ ಕಾಳು ಹಾಕಿಲ್ರಿ ಸರ್,
ಬರೇ ತಗದೀನಿ.
ತೂಕ ಇಳೀತು, ದರ ಏರಿತು."
ನಾನು ನಗಬೇಕಂದೆ.
ಆಕಿ ತಲಿ ಎತ್ತಲಿಲ್ಲ, ಬೆರಳೂ ನಿಲ್ಲಲಿಲ್ಲ.
"ಆ ಯಾದ್ಯಾಗ ನಾ ಎಷ್ಟನೇದಾಕಿ ಇದ್ದೆರಿ?"

ಗೊತ್ತಿತ್ತು ನಂಗ.
ಗೆರಿ ಎಳಿಯುವಾಗ ರೂಲಿನ ಅಂಚು
ಆಕಿ ಹೆಸರಿನ ತಲಿಕಟ್ಟಿಗೆ ತಾಕಿತ್ತು.
"ನೆನಪಿಲ್ಲವಾ" ಅಂದೆ.
ತೂಕ ಮಾಡಿಸಿಕೊಂಡು, ಚಿಲ್ಲರೆ ಎಣಿಸದ ಬಂದೆ.

ಈ ಸಲ ಅರವತ್ನಾಕು ಫಾರ್ಮು ಟೇಬಲ್ ಮ್ಯಾಲೆ.
ಫೀ ತುಂಬಾಕ ನಾಳೆ ಕಡೀ ದಿನ.
ಹೆಡ್ ಸರ್ ಎರಡು ಸಲ ಬಾಗಿಲ ತನಕ ಬಂದು
ಕೆಮ್ಮಿ ಹ್ವಾದ್ರು.
ರೂಲು ಎಲ್ಲೇತೋ, ಹುಡುಕಿಲ್ಲ.
ಅರವತ್ತೈದನೇದು ನಾನ ತುಂಬೀನಿ:
ಮಾಯಕ್ಕ ಬೀರಪ್ಪ ಕರಾಂಡೆ, ವಯಸ್ಸು ಇಪ್ಪತ್ತು.
ಆಕೀನ ಕೇಳಿಲ್ಲ. ಬ್ಯಾಡ ಅಂದ್ರೂ ಅನ್ನಬಹುದು,
ಅನ್ನಾಕ ಹಕ್ಕೇತಿ.
ಸಹಿ ಜಾಗಾ ಖಾಲಿ ಬಿಟ್ಟು
ಶೆಡ್ಡಿನ ಹಾದಿಗೆ ಸೈಕಲ್ ಹೊಳ್ಳಿಸೀನಿ.