ಎಡಗೆನ್ನೆ

ಬೆಳಿಗ್ಗೆ ಎದ್ದವನು ಮೊದಲು ನೋಡುವುದು
ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನು.
ರೆಕ್ಕೆ ನಿಂತಿದ್ದರೆ ಬರಿಮುಖದಲ್ಲೇ ಅಂಗಡಿಗೆ ನಡೆಯುತ್ತೇನೆ.
ತಿರುಗುತ್ತಿದ್ದರೆ ಮಾರಕ್ಕನ ಹಳೇ ಶಾಲು,
ಸಡಿಲವಾಗಿ, ಒಂದೇ ಕಣ್ಣು ಹೊರಗೆ.

ಮೂವತ್ತೊಂದು ವರ್ಷ ದುರ್ಗದ ಕೆನ್ನೆಗಳನ್ನೆಲ್ಲ ಸವರಿದ ಕೈ
ನನ್ನದೇ ಒಂದು ಕೆನ್ನೆಗೆ ಈಗ ಪರದೇಶಿ.

ಮೊದಲ ಸಲ ಬಂದದ್ದು ಹಲ್ಲುಜ್ಜುವಾಗ.
ಕರೆಂಟು ಹೊಡೆದರೆ ಕೈಯನ್ನಾದರೂ ಕಿತ್ತುಕೊಳ್ಳಬಹುದು,
ಕೆನ್ನೆಯನ್ನು ಎಲ್ಲಿಗೆ ಕೀಳಲಿ?
ಹಲ್ಲಿನದೇ ಎಂದರು. ಒಂದು ಕೀಳಿಸಿದೆ,
ಪಕ್ಕದ್ದನ್ನೂ ಕೀಳಿಸಿದೆ.
ಎರಡೂ ಗಟ್ಟಿ ಹಲ್ಲು. ಬ್ಲೇಡಿನ ಡಬ್ಬಿಯಲ್ಲಿ ಇನ್ನೂ ಇವೆ,
ತಪ್ಪಿಲ್ಲದೆ ಜೈಲಿಗೆ ಹೋದವರ ಹಾಗೆ.

ದಾವಣಗೆರೆಯ ನರದ ಡಾಕ್ಟರಮ್ಮ
ಚೀಟಿಯ ಬೆನ್ನಿಗೆ ಕಿವಿ ಬರೆದು, ಮೂರು ಕವಲು ಎಳೆದರು:
ಹಣೆಗೊಂದು, ಕೆನ್ನೆಗೊಂದು, ದವಡೆಗೊಂದು.
ಒಳಗೆ ರಕ್ತನಾಳವೊಂದು ತಾಗಿ ತಾಗಿ
ನರದ ಹೊದಿಕೆ ಸವೆದಿದೆಯಂತೆ.
‘ಮಿಷನ್ನಿನ ವೈರು ಸವೆದಂಗೆ ಬಿಡ್ರಿ’ ಅಂದೆ.
‘ಹೂಂ ಓಬಳೇಶ್, ಹಂಗೇ’ ಅಂದರು.
ಒಂದೂವರೆ ವರ್ಷಕ್ಕೆ ಅವತ್ತು ನೋವಿಗೊಂದು ಮೈ ಸಿಕ್ಕಿತು.
ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ.
ಎಡಗಡೆಯ ನೀರನ್ನು ಒರೆಸಲಿಲ್ಲ,
ತಾನಾಗಿ ಆರಲಿ ಎಂದು ಬಿಟ್ಟೆ.

ಮಾತ್ರೆ ದಿನಕ್ಕೆ ಮೂರು. ನನ್ನಿಷ್ಟಕ್ಕೆ ನಿಲ್ಲಿಸುವಂತಿಲ್ಲ.
ನುಂಗಿದ ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ
ಗಿರಾಕಿಗೆ ಎರಡು ಬೈತಲೆ ಕಾಣುತ್ತವೆ.
ಆಗ ಕತ್ತಿ ಮುಟ್ಟುವುದಿಲ್ಲ, ಪೇಪರು ಓದಿ ಹೇಳುತ್ತೇನೆ.
ಮುದ್ದೆ ಬಲದವಡೆಗೆ. ಚಹಾ ಆರಿಸಿ.
ಫ್ಯಾನಿನ ಮುಖ ಗೋಡೆಗೆ.

ಒಮ್ಮೊಮ್ಮೆ ಕತ್ತಿ ಯಾರದೋ ಗಂಟಲ ಮೇಲಿರುವಾಗಲೇ
ನನ್ನ ತುಟಿಯಂಚಿನಲ್ಲಿ ಇರುವೆ ನಡೆದಂತಾಗುತ್ತದೆ.
ಅದು ಬಾಗಿಲು ತಟ್ಟುವ ರೀತಿ.
ಮೊದಲು ಕೈ ಎತ್ತಿಬಿಡುತ್ತೇನೆ. ಆಮೇಲೆ ಎಣಿಸುತ್ತೇನೆ.
ಒಂಬತ್ತಕ್ಕೆ ಹೋಗುತ್ತದೆ, ಕೆಲವು ಸಲ ಇಪ್ಪತ್ತಾದರೂ ಇಲ್ಲ.
ಗಿರಾಕಿ ನೊರೆಮುಖದಲ್ಲಿ ಕಣ್ಣು ಮುಚ್ಚಿ ಕಾಯುತ್ತಾನೆ.
ಹಳಬರು. ಯಾರೂ ಏನೂ ಕೇಳುವುದಿಲ್ಲ.

ನಿನ್ನೆ ಹೊಸಬನೊಬ್ಬ ಕೇಳಿದ:
‘ಏನ್ ಯಜಮಾನ್ರೇ, ಅರ್ಧ ಗಡ್ಡ? ಹರಕೆನಾ?’
‘ಹೂಂ.’
‘ಯಾವ ದೇವ್ರಿಗೆ?’
‘ಎಡಗೆನ್ನೆಮ್ಮಂಗೆ.’
‘ಗುಡಿ ಎಲ್ಲೈತೆ?’

ನಗು ಬಂತು. ನಗಬಾರದಿತ್ತು.
ಕೈ ಎತ್ತಿ ಎಣಿಸತೊಡಗಿದೆ.
ಹನ್ನೊಂದಕ್ಕೆ ಬಿಟ್ಟಳು.
ಉಳಿದ ನಗುವನ್ನು
ಬಲಗಡೆಯಿಂದ ನಕ್ಕು ಮುಗಿಸಿದೆ.