ಕ್ಷೇತ್ರಕಾರ್ಯದ ಡೈರಿ

ಸಮೀಕ್ಷೆ ಹಾಳಿ ಬ್ಯಾಡ ಅಂದೆ ಈ ಸಲ.
ಹಾಸ್ಟೆಲ್ಲಿನ ಬಚ್ಚಲದಿಂದ ಹೊರಬಿದ್ದ ನೀರು
ಎಲ್ಲಿತನಕ ಹೋಗತದೋ ಅಲ್ಲಿತನಕ
ನಡದು ಬರ್ರಿ. ಇಷ್ಟಽ ಕೆಲಸ.

ಎಂ.ಎಸ್.ಡಬ್ಲ್ಯೂ., ಎರಡನೇ ಸೆಮಿಸ್ಟರ್, ಹನ್ನೊಂದು ಮಂದಿ.
ಕಲ್ಮೇಶ ನಕ್ಕ: ‘ಗಟಾರಕ್ಕೂ ಹಾಜರಿ ತಗೋತೀರೇನ್ರಿ ಮೇಡಂ?’
ತಗೋತೀನಿ ಅಂದೆ.

ಏರು ಇಳುವಿನ ಊರು ಧಾರವಾಡ.
ಇಲ್ಲಿ ಚೆಲ್ಲಿದ್ದು ಇಲ್ಲಿ ನಿಲ್ಲೂದಿಲ್ಲ,
ಅದಕ್ಕಽ ನಮಗ ನಮ್ಮ ಓಣಿ ಸ್ವಚ್ಛ ಅನಸ್ತದ.

ಕೆಂಪು ಮಣ್ಣಿನ ಇಳಿಜಾರು, ಕಂಪೌಂಡಿನ ತೂತು,
ಯಾರೋ ಅರ್ಧಕ್ಕ ಬಿಟ್ಟ ಲೇಔಟು,
ಪೈಪಿನೊಳಗ ಮಾಯ ಆಗಿ
ಪಂಕ್ಚರ್ ಅಂಗಡಿ ಹಿಂದ ಮತ್ತ ಎದ್ದ ನೀರು.
ಶಹನಾಜ ನದಾಫ ಚಪ್ಪಲಿ ಕೈಯಾಗ ಹಿಡಕೊಂಡಳಂತ.
ದ್ಯಾಮಣ್ಣ ಎರಡು ಸಲ ದಾರಿ ತಪ್ಪಿದನಂತ,
ಮೂರನೇ ಸಲ ವಾಸನಿ ಹಿಡದು ಹೋದನಂತ.

ಗೌಳಿಗರ ಓಣಿ ಕೆಳಗ, ಜಾಲಿ ಸಾಲಿನಾಚೆ
ಒಂದು ಹೊಂಡ. ಏಳು ಎಮ್ಮಿ.
ದಂಡ್ಯಾಗ ಒಬ್ಬಾಕಿ, ರಖಮಾಬಾಯಿ.

ಇವರ ಕಡೆ ನಾನು ಕಲಿಸಿದ ಮಾತಿದ್ದವು:
ನಮಸ್ಕಾರ, ವಿಶ್ವವಿದ್ಯಾಲಯದಿಂದ ಬಂದಿದ್ದೇವೆ,
ಪರಿಸರದ ಕುರಿತು ನಿಮ್ಮಲ್ಲಿ ಅರಿವು...
ಆಕಿ ಮೂಗು ಏರಿಸಿದಳಂತ, ಶಹನಾಜಳ ಹೆರಳಿನ ಕಡೆ:
‘ಇದಽ ನೋಡು. ಇದಽ ವಾಸನಿ.
ದಿನಾ ಒಂಬತ್ತಕ್ಕ ನೀರಾಗ ನೊರಿ ಬರತದ,
ಎಮ್ಮಿ ಮೂಸಿ ತಿರುಗಿ ಬರ್ತಾವ.
ನೀನಽ ಏನವಾ ಅಕಿ?’

ಹನ್ನೊಂದು ಡೈರಿ ನನ್ನ ಟೇಬಲ್ ಮ್ಯಾಲೆ.
ಹತ್ತರಾಗ ಗುರಿ, ವಿಧಾನ, ಫಲಿತಾಂಶ, ಸಲಹೆ.
ಶಹನಾಜಳದರಾಗ ಫಲಿತಾಂಶದ ಮನಿ ಖಾಲಿ,
ಕೆಳಗ ಪೆನ್ಸಿಲ್ಲಿನಾಗ:
‘ನನಗೆ ಇಪ್ಪತ್ತೆರಡು. ಮಿಂದ ನೀರನ್ನು
ಮತ್ತೆ ಭೇಟಿಯಾದದ್ದು ಇದೇ ಮೊದಲು.
ಎಮ್ಮೆಗಳೆದುರು ನನ್ನ ಹೆಸರು ಹೇಳಲಿಲ್ಲ.’

ಹತ್ತಕ್ಕ ಎಷ್ಟು ಕೊಡಲಿ?
ನಾನು ಆ ಹೊಂಡ ನೋಡಿಲ್ಲ.
ಅವತ್ತು ವಿಭಾಗದಾಗ ಮೀಟಿಂಗ್ ಇತ್ತು, ಹಸಿರು ಕ್ಯಾಂಪಸ್ಸಿಂದು.
ಕಾಗದದ ಕಪ್ಪಿನಾಗ ಚಹಾ ಬಂತು, ಪೇಢೆ ಬಂದವು.
ಎರಡು ತಿಂದೆ. ಚಲೋ ಇದ್ದವು.
ಯಾವ ಎಮ್ಮಿ ಹಾಲು ಅಂತ ಯಾರೂ ಕೇಳಲಿಲ್ಲ.

ಕಲ್ಮೇಶ ಬಾಗಿಲದಾಗ ನಿಂತಾನ:
‘ರವಿವಾರ ಮತ್ತ ಅಲ್ಲೇ ಹೊಂಟೀವ್ರಿ.
ರಖಮಾಬಾಯಿ ಕೇಳ್ಯಾಳ,
ತಿರುಗಿ ಬರಾವ್ರೋ, ಬರಕೊಂಡು ಹೋಗಾವ್ರೋ ಅಂತ.
ಹಾಜರಿ ಏನ ಬ್ಯಾಡ್ರಿ.’

ಹಾಜರಿ ಪುಸ್ತಕದಾಗ ರವಿವಾರಕ್ಕ ಮನಿಯಽ ಇಲ್ಲ.
ಪೆನ್ನು ಮುಚ್ಚಿದೆ. ಯಾವ ಚಪ್ಪಲಿ ಹಾಕ್ಕೊಂಡು ಬರಲಿ, ಕೇಳಿದೆ.

‘ಕೈಯಾಗ ಹಿಡಿಯಾಕ ಹಗುರ ಇರೂವು, ಮೇಡಂ.’